1966ರ ಮಸ್ಟ್ಯಾಂಗ್ ಸಸ್ಪೆನ್ಷನ್: ಶಾಕ್ ಟವರ್ ಕತ್ತರಿಸುವ ಮೊದಲು ಇದನ್ನು ಓದಿ

ಸರ್, ನಿಮ್ಮ ಪ್ರಶ್ನೆ ನೋಡಿದೆ. 1966ರ ಮಸ್ಟ್ಯಾಂಗ್ ಕೂಪೆ, 289 ಘನ ಇಂಚಿನ ವಿ8 ಎಂಜಿನ್, ಪವರ್ ಸ್ಟೀರಿಂಗ್ ಇಲ್ಲ. ಫ್ರೀವೇಯಲ್ಲಿ 60 ಮೈಲಿ ದಾಟಿದರೆ ಗಾಡಿ ಲೇನ್‌ನಲ್ಲಿ ನೆಟ್ಟಗೆ ಹೋಗುವುದಿಲ್ಲ, ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಗುಂಡಿಗೆ ಇಳಿದರೆ ಮುಂದೆ ಧಡ್ ಅನ್ನುತ್ತದೆ. ಅಂಗಡಿಯವರು ಶಾಕ್ ಟವರ್ (ಎಂಜಿನ್ ಎರಡೂ ಪಕ್ಕ ಮುಂದಿನ ಸ್ಪ್ರಿಂಗ್, ಶಾಕ್ ಕೂರುವ ತಗಡಿನ ಗೋಪುರ) ಕತ್ತರಿಸಿ ಮಸ್ಟ್ಯಾಂಗ್ 2 ಮಾದರಿಯ ಕಿಟ್ ಹಾಕಿಸಿ, ರ್‍ಯಾಕ್ ಸ್ಟೀರಿಂಗ್ ಕೂಡ ಬರುತ್ತದೆ ಅಂದಿದ್ದಾರೆ. ದಯವಿಟ್ಟು ಇನ್ನೂ ಹೂಂ ಅನ್ನಬೇಡಿ. ನೀವು ಹೇಳಿದ ಮೂರೂ ತೊಂದರೆಗಳಿಗೆ ಟವರ್ ಕತ್ತರಿಸದೇ ಪರಿಹಾರ ಇದೆ, ಖರ್ಚೂ ಬಹಳ ಕಡಿಮೆ. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಗೊತ್ತಿದ್ದರೆ ಸಾಕು.

ಈ ಗಾಡಿ ಹೇಗೆ ಕಟ್ಟಿದ್ದಾರೆ ಅಂತ ಮೊದಲು ನೋಡೋಣ. 1964ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಫೋರ್ಡ್ ಇದನ್ನು ತೋರಿಸಿದಾಗ ಮೇಲಿನ ಬಾಡಿ ಹೊಸದು, ಒಳಗಿನ ಬಹುಪಾಲು 1960ರ ಫಾಲ್ಕನ್‌ನಿಂದ ಬಂದದ್ದು. ಕೆಳಗೆ ಬೇರೆ ಚಾಸಿ ಇಲ್ಲ, ನಮ್ಮ ಅಂಬಾಸಿಡರ್‌ನಲ್ಲಿ ಇದ್ದಂತೆ ಬಾಡಿಯೇ ಚಾಸಿ. ಮುಂದಿನ ಕಾಯಿಲ್ ಸ್ಪ್ರಿಂಗ್ ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಬಾಡಿಗೆ ಸೇರಿಸುವ ತೋಳು) ಮೇಲೆ ಕೂತಿರುತ್ತದೆ, ಅದರ ಮೇಲ್ತುದಿ ಶಾಕ್ ಟವರ್‌ಗೆ ಒತ್ತಿಕೊಂಡಿರುತ್ತದೆ. ಅಂದರೆ ಮುಂಭಾಗದ ಭಾರವೆಲ್ಲ ಟವರ್ ಮೂಲಕ ಏಪ್ರನ್‌ಗೆ (ಎಂಜಿನ್ ಪಕ್ಕದ ಒಳ ತಗಡು), ಕೌಲ್‌ಗೆ (ವಿಂಡ್‌ಶೀಲ್ಡ್ ಕೆಳಗಿನ ಅಡ್ಡ ಭಾಗ) ಹಂಚಿಹೋಗುತ್ತದೆ. ಟವರ್ ಕತ್ತರಿಸಿದರೆ ಅದೇ ಭಾರವನ್ನು ಕೆಳಗಿನ ತೆಳು ತಗಡಿನ ಫ್ರೇಮ್ ರೈಲುಗಳು ಹೊರಬೇಕು, ಆ ಕೆಲಸಕ್ಕೆ ಅವನ್ನು ಮಾಡಿಯೇ ಇಲ್ಲ. ಮಸ್ಟ್ಯಾಂಗ್ 2 ಅಂದರೆ 1974ರಿಂದ 1978ರವರೆಗೆ ಬಂದ ಚಿಕ್ಕ ಗಾಡಿ, ಪಿಂಟೊ ಸಂಬಂಧದ್ದು. ಅದರ ಮುಂಭಾಗದ ಮಾದರಿಯಲ್ಲಿ ಈಗ ಒಳ್ಳೆಯ ಕಿಟ್‌ಗಳು ಬರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಅವು ನಿಜವಾಗಿ ಬೇಕಾಗುವುದು ಕಯೋಟಿ (ಫೋರ್ಡ್‌ನ ಈಚಿನ ವಿ8) ಥರದ ಅಗಲವಾದ ಎಂಜಿನ್ ಕೂರಿಸುವವರಿಗೆ, ಟವರ್ ಇದ್ದರೆ ಅಲ್ಲಿ ಜಾಗವೇ ಇರುವುದಿಲ್ಲ. ನಿಮ್ಮ 289 ಆರಾಮಾಗಿ ಕೂತಿದೆ ಅಲ್ವಾ? ಹಾಗಾದರೆ ಯಾಕೆ ಕತ್ತರಿಸಬೇಕು?

ಈಗ ಕೆಲಸಕ್ಕೆ ಬರೋಣ. ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ನೋಡಿ. ಮೊದಲ ಅಂಕಿ 6, ಆಮೇಲೆ ಕಾರ್ಖಾನೆಯ ಅಕ್ಷರ (ಡಿಯರ್‌ಬಾರ್ನ್‌ಗೆ ಎಫ್, ಸ್ಯಾನ್ ಹೋಸೆಗೆ ಆರ್, ಮೆಟಚನ್‌ಗೆ ಟಿ), ಆಮೇಲೆ ಬಾಡಿಯ ಎರಡು ಅಂಕಿ, ಐದನೆಯದು ಎಂಜಿನ್. ಅಲ್ಲಿ ಟಿ ಇದ್ದರೆ ಅದು ಹುಟ್ಟಾ 200 ಆರು ಸಿಲಿಂಡರ್ ಗಾಡಿ, ಯಾರೋ ಆಮೇಲೆ ವಿ8 ಕೂರಿಸಿದ್ದಾರೆ. ಇದು ಸಣ್ಣ ವಿಷಯ ಅಲ್ಲ. ಆರು ಸಿಲಿಂಡರ್ ಗಾಡಿಗೆ ನಾಲ್ಕು ಬೋಲ್ಟ್‌ನ ಚಕ್ರ, ಸಣ್ಣ ಸ್ಪಿಂಡಲ್ (ಚಕ್ರ ತಿರುಗುವ ಅಚ್ಚು), 9 ಇಂಚಿನ ಡ್ರಮ್, ಹಿಂದೆ ಸಣ್ಣ ಆಕ್ಸಲ್. ವಿ8ಗೆ ಐದು ಬೋಲ್ಟ್, 10 ಇಂಚಿನ ಡ್ರಮ್. ನಾಲ್ಕು ಬೋಲ್ಟ್ ಕಂಡರೆ ಸ್ಪಿಂಡಲ್ ಮತ್ತು ಬ್ರೇಕ್ ಬದಲಿಸುವ ತನಕ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಟೈರ್ ನೋಡಿ. ಇಂಥ ಗಾಡಿಗಳು ಹೆಚ್ಚು ಓಡುವುದಿಲ್ಲ, ಗ್ಯಾರೇಜಿನಲ್ಲೇ ನಿಂತಿರುತ್ತವೆ, ಹಾಗಾಗಿ ಟೈರ್ ಹೂವು ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿ ಡಾಟ್ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿಯಲ್ಲಿ ವಾರ ಮತ್ತು ವರ್ಷ ಇರುತ್ತದೆ. ಹತ್ತು ವರ್ಷ ಹಳೆಯದಾಗಿದ್ದರೆ ತೆಗೆದುಹಾಕಿ, ಎಷ್ಟೇ ಹೂವು ಇರಲಿ.

ಆಮೇಲೆ ಸವೆತ. ಇಲ್ಲಿ ಒಂದು ಮುಖ್ಯ ವಿಷಯ ಇದೆ, ಇವತ್ತಿನ ಗಾಡಿ ನೋಡಿ ಕಲಿತವರಿಗೆ ಇದು ಗೊತ್ತಿರುವುದಿಲ್ಲ. ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ಇರುವುದರಿಂದ ಭಾರ ಹೊರುವುದು ಮೇಲಿನ ಬಾಲ್ ಜಾಯಿಂಟ್ (ಆರ್ಮ್ ಮತ್ತು ಸ್ಪಿಂಡಲ್ ಸೇರುವ ಗುಂಡು ಕೀಲು). ಸುಮ್ನೆ ಜಾಕ್ ಹಾಕಿ ಚಕ್ರ ಅಲ್ಲಾಡಿಸಿದರೆ ಸ್ಪ್ರಿಂಗ್ ಒತ್ತಡ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ಆಟ (ಸಡಿಲ) ಕಾಣುವುದೇ ಇಲ್ಲ. ಮೇಲಿನ ಆರ್ಮ್ ಮತ್ತು ಫ್ರೇಮ್ ನಡುವೆ ಒಂದು ಮರದ ತುಂಡು ಸಿಕ್ಕಿಸಿ, ಆಮೇಲೆ ಫ್ರೇಮ್‌ಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ, ಆಗ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಆಗ ಗೊತ್ತಾಗುತ್ತದೆ. ಹಾಗೇ ಇನ್ನೊಬ್ಬರನ್ನು ಒಳಗೆ ಕೂರಿಸಿ ಸ್ಟೀರಿಂಗ್ ಆಚೆ ಈಚೆ ಸ್ವಲ್ಪ ತಿರುಗಿಸಲು ಹೇಳಿ, ನೀವು ಕೆಳಗಿನಿಂದ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ತನಕದ ಜೋಡಣೆಗಳನ್ನು, ಅಂದರೆ ಟೈ ರಾಡ್, ಸೆಂಟರ್ ಲಿಂಕ್, ಐಡ್ಲರ್ ಆರ್ಮ್ ಎಲ್ಲ ಒಂದೊಂದಾಗಿ ನೋಡಿ. ಈ ವರ್ಷದ ಐಡ್ಲರ್‌ನಲ್ಲಿ ರಬ್ಬರ್ ಬುಶ್ ಇರುತ್ತದೆ, ಅದು ಹೋಗಿದ್ದರೆ ಗಾಡಿ ಲೇನ್ ಬಿಟ್ಟು ಅಲೆದಾಡುತ್ತದೆ. ಬೇರಿಂಗ್ ಇರುವ ಐಡ್ಲರ್ ಸಿಗುತ್ತದೆ, ಅದನ್ನೇ ಹಾಕಿ. ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡಿ ಆಟ ತೆಗೆಯೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಬೇರೆಡೆಯ ಆಟವನ್ನೆಲ್ಲ ತೆಗೆದ ಮೇಲೆ, ಶಾಪ್ ಮ್ಯಾನುಯಲ್ ಹೇಳಿದ ಕ್ರಮದಲ್ಲಿ ಮಾತ್ರ ಅದನ್ನು ಮುಟ್ಟಬೇಕು, ಇಲ್ಲದಿದ್ದರೆ ಒಳಗಿನ ಗೇರ್ ಹಾಳಾಗುತ್ತದೆ. ಫೋರ್ಡ್‌ನ ಹಳೆ ಮ್ಯಾನುಯಲ್‌ನ ಮರುಮುದ್ರಣ ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ತುಕ್ಕಿನ ವಿಷಯ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಮಿಷಿಗನ್, ಒಹಾಯೊ ಕಡೆ ಓಡಿದ ಗಾಡಿ ಆದರೆ ತುಂಬಾ ಹುಷಾರು. ಕ್ಯಾಲಿಫೋರ್ನಿಯಾ ಗಾಡಿ ಆದರೂ ಕೌಲ್ ನೋಡಲೇಬೇಕು. ಕಾರ್ಪೆಟ್ ಎತ್ತಿ, ವಿಂಡ್‌ಶೀಲ್ಡ್ ಮುಂದಿನ ಜಾಲರಿಗೆ ನೀರು ಹಾಕಿ, ಡ್ಯಾಶ್ ಕೆಳಗೆ ತೊಟ್ಟಿಕ್ಕುತ್ತಾ ನೋಡಿ. ತೊಟ್ಟಿಕ್ಕಿದರೆ ಫ್ಲೋರ್ ತಗಡೂ ಹೋಗಿರುವ ಸಾಧ್ಯತೆ ಜಾಸ್ತಿ. ಬ್ಯಾಟರಿ ಬಲಮುಂದಿನ ಮೂಲೆಯಲ್ಲಿದೆ, ಆಸಿಡ್ ಬಿದ್ದು ಅದರ ಕೆಳಗಿನ ಏಪ್ರನ್ ಮತ್ತು ರೈಲು ತಿಂದಿರುತ್ತದೆ. ಟವರ್‌ಗೆ ಮೇಲಿನ ಆರ್ಮ್ ಕೂರುವ ಜಾಗದ ಸುತ್ತ ಬಿರುಕು ಇದೆಯಾ ನೋಡಿ, ಗ್ರೀಸ್ ಕೊಳೆ ಎಲ್ಲ ತೊಳೆದು ಲೈಟ್ ಹಿಡಿದು ನೋಡಬೇಕು. ಹಿಂದೆ ಲೀಫ್ ಸ್ಪ್ರಿಂಗ್‌ನ ಮುಂದಿನ ಕಣ್ಣು ಕೂರುವ ಜಾಗವನ್ನು ಸ್ಕ್ರೂ ಡ್ರೈವರ್‌ನಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಅಥವಾ ಡ್ರೈವರ್ ಒಳಗೇ ಹೋದರೆ, ಸಸ್ಪೆನ್ಷನ್ ದುಡ್ಡೆಲ್ಲ ಮೊದಲು ಅಲ್ಲಿಗೆ ಹೋಗಲಿ.

ಇದಾದ ಮೇಲೆ ಬಾಡಿ ಗಟ್ಟಿ ಮಾಡುವುದು. ಕನ್ವರ್ಟಿಬಲ್‌ಗೆ ಕಾರ್ಖಾನೆಯಲ್ಲೇ ಜಾಸ್ತಿ ಬಲ ಕೊಟ್ಟಿದ್ದರು, ಕೂಪೆಗೆ ಅಷ್ಟು ಕೊಟ್ಟಿರಲಿಲ್ಲ. ಮುಂದಿನ ಮತ್ತು ಹಿಂದಿನ ಫ್ರೇಮ್ ರೈಲುಗಳ ನಡುವೆ ಬರೀ ಫ್ಲೋರ್ ತಗಡು ಇರುತ್ತದೆ. ಅವೆರಡನ್ನೂ ಸೇರಿಸುವ ಸಬ್‌ಫ್ರೇಮ್ ಕನೆಕ್ಟರ್ ವೆಲ್ಡ್ ಮಾಡಿಸಿ. ಬೋಲ್ಟ್ ಹಾಕುವ ನಮೂನೆ ಬೇಡ, ವೆಲ್ಡ್ ಮಾಡುವುದೇ ಬೇಕು. ಮಾಡುವಾಗ ಗಾಡಿಯ ಭಾರ ಚಕ್ರಗಳ ಮೇಲೇ ಇರಬೇಕು, ನೆಲ ಸಮ ಇರಬೇಕು, ಬಾಗಿಲು ಹಾಕಿ ಸುತ್ತಲಿನ ಸಂದಿ ಸರಿಯಾಗಿದೆ ಅಂತ ನೋಡಿಕೊಂಡೇ ಶುರು ಮಾಡಬೇಕು. ಲಿಫ್ಟ್‌ನಲ್ಲಿ ನೇತಾಡುವಾಗ ವೆಲ್ಡ್ ಮಾಡಿದರೆ ಬಾಡಿ ಬಾಗಿದ ಹಾಗೇ ಗಟ್ಟಿಯಾಗುತ್ತದೆ, ಆಮೇಲೆ ಬಾಗಿಲು ಹಾಕಲು ಪೇಚಾಡಬೇಕು. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳನ್ನು ದೂರ ಸರಿಸಿ, ಒಳಗಿನ ಕಾರ್ಪೆಟ್ ತೆಗೆದಿಡಿ.

ಎಂಜಿನ್ ಮೇಲೆ ಕೌಲ್‌ನಿಂದ ಎರಡೂ ಟವರ್‌ಗಳಿಗೆ ಹೋಗುವ ಎರಡು ತಗಡಿನ ಬ್ರೇಸ್ ಇದೆಯಲ್ಲ, ಅದನ್ನು ತೆಗೆದು ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸ್ ಹಾಕಿ. ರಸ್ತೆ ಕೆಟ್ಟಿರುವ ದೇಶಗಳಿಗೆ ಕಳಿಸುವ ಗಾಡಿಗಳಿಗೆ ಫೋರ್ಡ್ ಹಾಕುತ್ತಿದ್ದುದು ಅದು. ಜೊತೆಗೆ ಟವರ್‌ನಿಂದ ಟವರ್‌ಗೆ ಅಡ್ಡಲಾಗಿ ಮಾಂಟೆ ಕಾರ್ಲೊ ಬಾರ್. ಬಾರ್ ಬೋಲ್ಟ್ ತೂತಿಗೆ ಸರಿಯಾಗಿ ಕೂರದಿದ್ದರೆ ನಿಮ್ಮ ಟವರ್‌ಗಳು ಒಳಕ್ಕೆ ಬಾಗಿವೆ ಅಂತ ಅರ್ಥ, ಹಳೇ ಮಸ್ಟ್ಯಾಂಗ್‌ಗಳಲ್ಲಿ ಇದು ಮಾಮೂಲಿ.

ಈಗ ನನಗೆ ತುಂಬಾ ಇಷ್ಟವಾದ ಕೆಲಸ, ಶೆಲ್ಬಿ ಡ್ರಾಪ್. ಕ್ಲಾಸ್ ಆರ್ನಿಂಗ್ ಅಂತ ಫೋರ್ಡ್‌ನ ಎಂಜಿನಿಯರ್ ಲೆಕ್ಕ ಹಾಕಿ ಕಂಡುಕೊಂಡದ್ದು, ಹಾಗಾಗಿ ಆರ್ನಿಂಗ್ ಡ್ರಾಪ್ ಅಂತಲೂ ಕರೆಯುತ್ತಾರೆ. 1965ರ ಶೆಲ್ಬಿ ಜಿಟಿ350ಯಲ್ಲಿ (ಮಸ್ಟ್ಯಾಂಗ್‌ನ ಓಟದ ಮಾದರಿ) ಇದು ಬಂತು, 1966ರಲ್ಲಿ ಖರ್ಚು ಉಳಿಸಲು ನಡುವೆ ಬಿಟ್ಟರು. ಕೆಲಸ ಇಷ್ಟೇ: ಮೇಲಿನ ಆರ್ಮ್ ಟವರ್‌ಗೆ ಕೂರುವ ಎರಡು ತೂತುಗಳನ್ನು 1 ಇಂಚು ಕೆಳಗೆ, 1/8 ಇಂಚು ಹಿಂದಕ್ಕೆ ಹೊಸದಾಗಿ ಕೊರೆಯುವುದು. ಅದರಿಂದ ಏನಾಗುತ್ತದೆ? ಕಾರ್ಖಾನೆಯ ಅಳತೆಯಲ್ಲಿ ಗಾಡಿ ತಿರುವಿನಲ್ಲಿ ವಾಲಿದಾಗ ಹೊರಗಡೆಯ ಚಕ್ರದ ಮೇಲ್ತುದಿ ಹೊರಕ್ಕೆ ಬಾಗುತ್ತದೆ, ಟೈರ್ ತನ್ನ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಹೋಗುತ್ತದೆ. ತೂತು ಇಳಿಸಿದ ಮೇಲೆ ಸ್ಪ್ರಿಂಗ್ ಒತ್ತಿದಂತೆಲ್ಲ ಚಕ್ರ ಒಳಕ್ಕೆ ವಾಲುತ್ತದೆ, ಹಾಗಾಗಿ ಟೈರ್ ರಸ್ತೆಗೆ ಪೂರ್ತಿ ತಾಗಿಕೊಂಡಿರುತ್ತದೆ. ಗಾಡಿ ವಾಲುವುದೂ ಕಡಿಮೆಯಾಗುತ್ತದೆ, ಮುಂಭಾಗ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, 1/8 ಇಂಚು ಹಿಂದಕ್ಕೆ ಹೋದದ್ದರಿಂದ ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ ಹೆಚ್ಚುತ್ತದೆ. ತೂತು ಕೊರೆಯಲು ಒಂದು ಟೆಂಪ್ಲೇಟ್ (ತೂತಿನ ಜಾಗ ತೋರಿಸುವ ಅಚ್ಚು), ಒಂದು ಡ್ರಿಲ್, ಅಷ್ಟೇ ಬೇಕಾದ್ದು. ಸಾವಿರಾರು ಡಾಲರ್ ಕಿಟ್ ಕೊಡುವ ಲಾಭದ ದೊಡ್ಡ ಪಾಲು ಇಷ್ಟರಲ್ಲೇ ಸಿಗುತ್ತದೆ ಅನ್ನುವುದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಟೆಂಪ್ಲೇಟ್ ಇಟ್ಟು ಸೆಂಟರ್ ಪಂಚ್ ಹೊಡೆಯಿರಿ, ಮೊದಲು ಸಣ್ಣ ಬಿಟ್, ಕೊನೆಗೆ 17/32 ಇಂಚಿನದು. ಹೊಸ ತೂತಿನ ಅಂಚಿಗೆ ಪೇಂಟ್ ಬಳಿಯಿರಿ. 1 ಇಂಚಿಗಿಂತ ಜಾಸ್ತಿ ಇಳಿಸುವ ಆಸೆ ಬೇಡ, ಬಾಲ್ ಜಾಯಿಂಟ್ ತನ್ನ ಮಿತಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮತ್ತೆ ಬಾಲ್ ಜಾಯಿಂಟ್ ಓರೆ ಮಾಡುವ ವೆಡ್ಜ್ ಕಿಟ್ ಬೇಕಾಗುತ್ತದೆ.

ಇದಕ್ಕೆಲ್ಲ ಸ್ಪ್ರಿಂಗ್ ಹೊರಗೆ ತೆಗೆಯಬೇಕು. ಇಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ ಸರ್. ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಕೈ ಹೋಗುತ್ತದೆ, ಪ್ರಾಣವೂ ಹೋಗಬಹುದು. ಶಾಕ್ ಮತ್ತು ಅದರ ಮೇಲಿನ ಕ್ಯಾಪ್ ತೆಗೆದು, ಈ ಗಾಡಿಗೇ ಮಾಡಿದ, ಟವರ್ ಮೇಲಿನಿಂದ ಒಳಗೆ ಇಳಿಸುವ ಕಂಪ್ರೆಸರ್ ಬಳಸಿ. ಹೊರಗಡೆಯಿಂದ ಎರಡು ಕೊಕ್ಕೆ ಹಾಕುವ ಅಗ್ಗದ ಕಂಪ್ರೆಸರ್ ಇದಕ್ಕೆ ಆಗುವುದಿಲ್ಲ. ಮುಖ, ಕೈ ಸ್ಪ್ರಿಂಗ್ ಎದುರಿಗೆ ಇಡಬೇಡಿ. ಒಬ್ಬರೇ ಇರುವಾಗ ಮಾಡಬೇಡಿ.

ಹೇಗೂ ಬಿಚ್ಚಿದ್ದೀರಿ, ಹಾಗಾಗಿ ಸ್ಪ್ರಿಂಗ್ ಕೂರುವ ಪರ್ಚ್ ಕೂಡ ಬದಲಿಸಿ. ಮೂಲದ್ದರಲ್ಲಿ ರಬ್ಬರ್ ಬುಶ್ ಇದೆ, ಬೇರಿಂಗ್ ಮೇಲೆ ತಿರುಗುವ ರೋಲರ್ ಪರ್ಚ್ ಹಾಕಿದರೆ ಸಸ್ಪೆನ್ಷನ್ ಸಲೀಸಾಗಿ ಆಡುತ್ತದೆ, ಕೀಚ್ ಕೀಚ್ ಸದ್ದೂ ಹೋಗುತ್ತದೆ. ಸ್ಪ್ರಿಂಗ್ ವಿಷಯದಲ್ಲಿ 1 ಇಂಚು ಇಳಿದ, ಸ್ವಲ್ಪ ಗಟ್ಟಿಯಾದದ್ದು ಸಾಕು. ಸ್ಪ್ರಿಂಗ್ ಗಡಸಿನ ಅಳತೆ 560, 620 ಪೌಂಡ್ ಅಂತ ಬರೆದಿರುವುದನ್ನು ನೋಡಿ ಹೆದರಬೇಡಿ. ಸ್ಪ್ರಿಂಗ್ ಆರ್ಮ್‌ನ ನಡುವೆ ಕೂತಿರುವುದರಿಂದ ಚಕ್ರದ ಹತ್ತಿರ ಅದರ ಗಡಸು ತುಂಬಾ ಕಡಿಮೆಯಾಗುತ್ತದೆ. ರಸ್ತೆಗೆ 560 ಆರಾಮ. ಶಾಕ್‌ಗೆ ಮಾತ್ರ ಜಿಪುಣತನ ಬೇಡ. ಜಿಟಿ350ಗೆ ಕೋನಿ ಕಂಪನಿಯ ಶಾಕ್ ಹಾಕಿದ್ದರು, ಅದಕ್ಕೆ ಕಾರಣ ಇತ್ತು. ಮುಂದಿನ ಸ್ವೇ ಬಾರ್ (ವಾಲುವುದನ್ನು ತಡೆಯುವ ಅಡ್ಡ ಕಂಬಿ) ಕೂಡ ಅದರಲ್ಲಿದ್ದಂತೆ 1 ಇಂಚಿನದು ಹಾಕಿ, ವಾಲುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಹಿಂದೆ ಸ್ವೇ ಬಾರ್ ಸದ್ಯಕ್ಕೆ ಬೇಡ, ಮಳೆಯಲ್ಲಿ ಹಿಂಭಾಗ ಜಾರುವುದಕ್ಕೆ ದಾರಿ ಮಾಡಿಕೊಡುತ್ತದೆ.

ಕೆಳಗಿನ ಆರ್ಮ್‌ನಿಂದ ಮುಂದಕ್ಕೆ ಹೋಗುವ ಸ್ಟ್ರಟ್ ರಾಡ್‌ಗೆ ಪಾಲಿಯುರಿಥೇನ್ ಬುಶ್ ಹಾಕಬೇಡಿ. ಎಲ್ಲ ಕಡೆ ಪಾಲಿ ಹಾಕಿದರೆ ಒಳ್ಳೆಯದು ಅಂತ ಸೆಟ್ ಮಾರುತ್ತಾರೆ, ಆದರೆ ಆ ರಾಡ್ ಮೇಲೆ ಕೆಳಗೆ ಆಡಬೇಕಾದದ್ದು. ಬುಶ್ ಬಗ್ಗದಿದ್ದರೆ ರಾಡೇ ಬಗ್ಗಿ ಬಗ್ಗಿ ಥ್ರೆಡ್ ಹತ್ತಿರ ಮುರಿಯುತ್ತದೆ. ಹೊಸ ರಬ್ಬರ್ ಹಾಕಿ. ಇನ್ನು ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು, ಅಂದರೆ ಕೆಳಗಿನ ಆರ್ಮ್ ಮತ್ತು ಹಿಂದಿನ ಲೀಫ್ ಸ್ಪ್ರಿಂಗ್ ಕಣ್ಣುಗಳನ್ನು, ಗಾಡಿ ನೆಲಕ್ಕೆ ಇಳಿಸಿದ ಮೇಲೆಯೇ ಕೊನೆಯ ಬಿಗಿ ಕೊಡಿ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಹಿಂದೆ ಹೆಚ್ಚು ಕೆಲಸ ಇಲ್ಲ. ಲೀಫ್ ಸ್ಪ್ರಿಂಗ್‌ನ ಹಳೆ ಪ್ಲೇಟುಗಳು ಚಪ್ಪಟೆಯಾಗಿದ್ದರೆ ಹೊಸ ಸೆಟ್, ಹೊಸ ಶ್ಯಾಕಲ್, ಹೊಸ ಯು ಬೋಲ್ಟ್, ಒಳ್ಳೆಯ ಶಾಕ್.

ಬ್ರೇಕ್ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 1966ರ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು, ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರ ಮಾಡೆಲ್‌ನಿಂದ ಎರಡು ಸರ್ಕ್ಯೂಟ್ ಬಂತು. ಸ್ವೇ ಬಾರ್‌ಗಿಂತ ಮೊದಲು ಇದನ್ನು ಮಾಡಿಸಿ. ಮುಂದೆ ಡಿಸ್ಕ್ ಹಾಕಿಸುವುದಾದರೆ ಚಕ್ರದ ಅಳತೆ ಕೇಳಿಕೊಳ್ಳಿ, ಕೆಲವು ಕಿಟ್‌ಗಳು 14 ಇಂಚಿನ ಚಕ್ರದೊಳಗೆ ಕೂರುವುದಿಲ್ಲ.

ಕೊನೆಗೆ ಅಲೈನ್‌ಮೆಂಟ್. ಅಂಗಡಿಯವರ ಕಂಪ್ಯೂಟರ್‌ನಲ್ಲಿ 1966ರ ಅಳತೆ ಇರುತ್ತದೆ, ಅದು ಆ ಕಾಲದ ಬಯಾಸ್ ಪ್ಲೈ (ಹಳೆ ನಮೂನೆಯ) ಟೈರ್‌ಗೆ ಮಾಡಿದ್ದು, ಕ್ಯಾಸ್ಟರ್ ಸೊನ್ನೆಯ ಹತ್ತಿರ. ರೇಡಿಯಲ್ ಟೈರ್ ಹಾಕಿ ಅದೇ ಅಳತೆ ಕೊಟ್ಟರೆ 60 ಮೈಲಿಯಲ್ಲಿ ಗಾಡಿ ಅಲೆದಾಡದೆ ಇನ್ನೇನು ಮಾಡುತ್ತದೆ? ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕ್ಯಾಸ್ಟರ್ ಪ್ಲಸ್ 2ರಿಂದ 3 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ, ಹೊರಕ್ಕೆ ವಾಲುವ ಕೋನ) ಮೈನಸ್ ಅರ್ಧ ಡಿಗ್ರಿ, ಟೋ ಇನ್ (ಚಕ್ರಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವುದು) 1/8 ಇಂಚು. ನಿಮ್ಮದು ಪವರ್ ಸ್ಟೀರಿಂಗ್ ಅಲ್ಲದ್ದರಿಂದ ಕ್ಯಾಸ್ಟರ್ 2ರ ಹತ್ತಿರ ಇರಲಿ, ಜಾಸ್ತಿ ಆದರೆ ಪಾರ್ಕಿಂಗ್‌ನಲ್ಲಿ ಕೈ ನೋಯುತ್ತದೆ. 65, 66ರಲ್ಲಿ ಮೇಲಿನ ಆರ್ಮ್ ಹಿಂದೆ ಶಿಮ್ (ತೆಳು ತಗಡಿನ ತುಂಡು) ಇಟ್ಟು ಹೊಂದಿಸಬೇಕು, 67ರಿಂದ ಕ್ರಮ ಬೇರೆ. ಶಿಮ್ ಇಡಲು ಬೇಜಾರು ಪಡುವ ಅಂಗಡಿಗೆ ಹೋಗಬೇಡಿ, ಹಳೆ ಗಾಡಿ ಮಾಡುವ ವಯಸ್ಸಾದವರು ಇರುವ ಕಡೆ ಹೋಗಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಹಾಗಾಗಿ ಕೆಲವು ನೂರು ಮೈಲಿ ಓಡಿಸಿ ಮತ್ತೊಮ್ಮೆ ತೋರಿಸಿ.

ವಿನ್‌ನ ಮೊದಲ ಐದು ಅಕ್ಷರ, ಎರಡೂ ಟವರ್‌ಗಳ ಫೋಟೋ, ಕೌಲ್‌ಗೆ ನೀರು ಹಾಕಿದಾಗ ಏನಾಯಿತು ಅನ್ನುವುದು, ಇಷ್ಟು ಇಲ್ಲಿ ಹಾಕಿ ಸರ್. ಟವರ್‌ಗಳಲ್ಲಿ ಬಿರುಕು ಕಂಡರೆ ಡ್ರಿಲ್ ಮುಟ್ಟುವ ಮೊದಲು ಹೇಳಿ, ಅದಕ್ಕೆ ಪ್ಲೇಟ್ ಹೇಗೆ ವೆಲ್ಡ್ ಮಾಡಬೇಕು ಅಂತ ಬೇರೆಯಾಗಿ ಬರೆಯುತ್ತೇನೆ.