ಗುಮ್ಮಟ ಸರಿಯುತ್ತದೆ, ಮಿನಾರ್ ಅಲ್ಲೇ ನಿಲ್ಲುತ್ತವೆ

ನಮಸ್ಕಾರ ರೀ. ಆಫ್ಟರ್ ಎಫೆಕ್ಟ್ಸ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ವಿಜಯಪುರದ ಗೋಳಗುಮ್ಮಟ ಮಾಡಿದ್ದೀರಿ. ಗುಮ್ಮಟ ಸರಿಸಿದರೆ ನಾಲ್ಕೂ ಮಿನಾರ್ ಅಲ್ಲೇ ಉಳಿಯುತ್ತವೆ, ಎಲ್ಲ ಒಟ್ಟಿಗೆ ಫೇಡ್ ಕೂಡ ಆಗಬೇಕು ಅಂದಿದ್ದೀರಿ, ಅಲ್ವಾ?

ಸರಿಸೋದಕ್ಕೆ ನಲ್ ಆಬ್ಜೆಕ್ಟ್ ಸಾಕು. ಅದು ರೆಂಡರ್‌ನಲ್ಲಿ ಕಾಣಲ್ಲ, ಸುಮ್ನೆ ಒಂದು ಹಿಡಿಕೆ ಇದ್ದ ಹಾಗೆ. ಮೊದಲು ಅದನ್ನು ಕಟ್ಟಡದ ಬುಡಕ್ಕೆ ತಂದಿಡಿ. ಆಮೇಲೆ ಕಟ್ಟಡದ ಎಲ್ಲ ಲೇಯರ್ (ಒಂದೊಂದು ಭಾಗದ ಪದರ) ಸೆಲೆಕ್ಟ್ ಮಾಡಿ, ಪೇರೆಂಟ್ ಕಾಲಂನಲ್ಲಿ ಆ ನಲ್ ಆರಿಸಿ. ಇನ್ನು ನಲ್ ಸರಿಸಿದರೆ ಎಲ್ಲವೂ ಅದರ ಜೊತೆಗೇ ಸರಿಯುತ್ತವೆ. ಈ ಕ್ರಮ ತಪ್ಪಿಸಬೇಡಿ. ನಲ್ ಬುಡದಲ್ಲಿದ್ದರೆ, ಸ್ಕೇಲ್ ಮಾಡಿದಾಗ ಕಟ್ಟಡ ನೆಲದಿಂದ ಎದ್ದ ಹಾಗೆ ಕಾಣುತ್ತದೆ. ಫ್ರೇಮಿನ ನಡುವೆ ಬಿಟ್ಟರೆ ಬಲೂನು ಊದಿದ ಹಾಗೆ!

ಫೇಡ್ ಕಥೆಯೇ ಬೇರೆ. ನಲ್‌ನ ಒಪ್ಯಾಸಿಟಿ (ಎಷ್ಟು ಗಾಢವಾಗಿ ಕಾಣಬೇಕು ಅನ್ನೋ ಅಳತೆ) ಅದಕ್ಕೆ ಕಟ್ಟಿದ ಲೇಯರ್‌ಗಳಿಗೆ ಹೋಗಲ್ಲ. ಒಂದೊಂದಕ್ಕೂ ಶೇ. 50 ಒಪ್ಯಾಸಿಟಿ ಕೊಟ್ಟರೆ ಮಿನಾರ್ ಒಳಗಿಂದ ಹಿಂದಿನ ಗೋಡೆ ಇಣುಕುತ್ತದೆ, ಅಸಹ್ಯ. ನಲ್ ಸೇರಿಸಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ಪ್ರೀಕಂಪೋಸ್ ಮಾಡಿ, ಅಂದರೆ ಎಲ್ಲ ಸೇರಿ ಒಂದೇ ಲೇಯರ್ ಆಗೋ ಹಾಗೆ ಕಟ್ಟಿಡಿ. ವಿಂಡೋಸ್‌ನಲ್ಲಾದರೆ ಕಂಟ್ರೋಲ್, ಶಿಫ್ಟ್, ಸಿ. ಒಪ್ಯಾಸಿಟಿ ಆ ಪ್ರೀಕಂಪ್‌ಗೆ ಕೊಡಿ.

ಇನ್ನೊಂದು. ಮಿನಾರ್ ಒಂದಕ್ಕೆ ಏಳು ಅಂತಸ್ತು. ಅಂತಸ್ತಿಗೊಂದು ಲೇಯರ್ ಅಂದರೂ 28 ಆಯಿತು. ಯಾಕೆ ಬೇಕು ಅಷ್ಟು? ಒಂದೇ ಮಿನಾರ್ ಮಾಡಿ, ಪ್ರೀಕಂಪೋಸ್ ಮಾಡಿ, ಮೂರು ಸಲ ಡೂಪ್ಲಿಕೇಟ್ ಮಾಡಿ. ಒಳಗೆ ಹೋಗಿ ಒಂದು ಕಿಟಕಿ ತಿದ್ದಿದರೆ ನಾಲ್ಕರಲ್ಲೂ ಬದಲಾಗುತ್ತದೆ.

ಹೆಸರೂ ಇಡಿ. ಲೇಯರ್ ಸೆಲೆಕ್ಟ್ ಮಾಡಿ ಎಂಟರ್ ಒತ್ತಿದರೆ ಆಯಿತು. ಬೆಳಗಾವಿಯ ಒಂದು ಮದುವೆ ವಿಡಿಯೋದಲ್ಲಿ ‘ಶೇಪ್ ಲೇಯರ್ 37’ ಹುಡುಕುತ್ತಾ ನಾನು ಬೆಳಗು ಮಾಡಿದ್ದೇನೆ.