ರಾತ್ರಿ ಎರಡಕ್ಕೆ ಫೋನ್ ಬಂದರೆ ನಾನು ಯಾರನ್ನು ಕೇಳಲಿ?

ಪ್ರಶ್ನೆ: ಮೇಡಂ, ಎಂಡಿ ಅನಸ್ತೇಶಿಯಾ ಆದ ಮೇಲೆ ಮೂರು ವರ್ಷ ಕ್ರಿಟಿಕಲ್ ಕೇರ್‌ನಲ್ಲಿ ಡಿಆರ್‌ಎನ್‌ಬಿ (ಸೂಪರ್ ಸ್ಪೆಷಾಲಿಟಿ ಕೋರ್ಸ್) ಮಾಡಿದೆ. ಎರಡು ತಿಂಗಳಿಂದ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್ ಆಗಿದ್ದೇನೆ. ಹನ್ನೆರಡು ಬೆಡ್ಡಿನ ಐಸಿಯು. ಕಲಿಯುವಾಗ ಇಷ್ಟು ಹೆದರಿಕೆ ಇರಲಿಲ್ಲ. ಈಗ ರಾತ್ರಿ ಡ್ಯೂಟಿ ಡಾಕ್ಟರ್ ಫೋನ್ ಮಾಡಿದರೆ ಸಾಕು, ಎದ್ದು ಹೊರಡುತ್ತೇನೆ. ಕೆಲವು ರಾತ್ರಿ ಎರಡೆರಡು ಸಲ. ಮನೆಯವರು ‘ಅಲ್ಲೇ ಮಲ್ಕೊಂಡುಬಿಡಿ’ ಅಂತಾರೆ. ಇನ್ನೊಂದು ಕಷ್ಟ: ನಾನು ಬರೆದ ಆರ್ಡರನ್ನು ಸೀನಿಯರ್ ಫಿಸಿಶಿಯನ್ ಒಬ್ಬರು ಬಂದು ಬದಲಾಯಿಸಿ ಹೋಗುತ್ತಾರೆ. ನನಗೆ ಈ ಕೆಲಸ ಆಗಲ್ವಾ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಆಗುತ್ತೆ. ಮೊದಲ ಆರು ತಿಂಗಳು ನಾನೂ ಹೀಗೇ ಓಡಾಡಿದವಳು. ಹಗಲು ರೌಂಡ್ಸ್‌ನಲ್ಲಿ ಧೈರ್ಯವಾಗಿ ಮಾತಾಡಿ, ರಾತ್ರಿ ಫೋನನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದೆ.

ಎರಡು ತಿಂಗಳ ಹಿಂದೆ ಗೊತ್ತಿದ್ದದ್ದು ಈಗ ಮರೆತಿಲ್ಲ ಅಲ್ವಾ? ವೆಂಟಿಲೇಟರ್ ಅದೇ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಅದೇ. ಕೈತಪ್ಪಿದ್ದು ಒಂದು ಮಾತು ಮಾತ್ರ: ‘ಸರ್‌ಗೆ ಒಂದ್ಸಲ ಕೇಳಿ ಹೇಳ್ತೀನಿ.’ ಮೂರು ವರ್ಷ ಆ ಮಾತು ನಿಮ್ಮನ್ನು ಕಾಯ್ದಿತ್ತು. ನಿರ್ಧಾರ ನಿಮ್ಮದೇ ಆಗಿದ್ದರೂ ಹಿಂದೆ ನಿಂತು ಹೂಂ ಅನ್ನುವವರೊಬ್ಬರು ಇದ್ದರು. ಈಗ ಆ ಸರ್ ನೀವೇ. ಪರೀಕ್ಷೆಯಲ್ಲಿ ಇದು ಬರಲ್ಲ. ಹಾಗಾಗಿ ಕಲಿಸುವವರೂ ಕಡಿಮೆ.

ನನ್ನದೇ ಒಂದು ತಪ್ಪು ಹೇಳ್ತೀನಿ. ಕನ್ಸಲ್ಟೆಂಟ್ ಆದ ಮೊದಲ ವರ್ಷ. ಬೆಳೆಗೆ ಹೊಡೆಯೋ ಎಣ್ಣೆ ಕುಡಿದು ಬಂದ ಹುಡುಗ, ನವಲಗುಂದದ ಕಡೆಯವನು. ನಮ್ಮ ಕಡೆ ಐಸಿಯುಗಳಲ್ಲಿ ಇಂಥವರು ಯಾವತ್ತೂ ಇರುತ್ತಾರೆ. ವಿಷದ ಪರಿಣಾಮ ತಡೆಯುವ ಅಟ್ರೋಪಿನ್ ಕೊಟ್ಟಿದ್ದೆವು, ಎದೆ ತಿಳಿಯಾಗಿತ್ತು, ಮೂರನೇ ದಿನ ಅವ್ವನ ಜೊತೆ ಮಾತಾಡುತ್ತಿದ್ದ. ಆ ರಾತ್ರಿ ಎರಡಕ್ಕೆ ಡ್ಯೂಟಿ ಡಾಕ್ಟರ್ ಫೋನ್. ‘ಮೇಡಂ, ಸ್ವಲ್ಪ ಸುಸ್ತು ಅಂತಿದಾನೆ. ಸ್ಯಾಚುರೇಷನ್ 96, ಪಲ್ಸ್, ಬಿಪಿ ಎಲ್ಲ ಸರಿ ಇದೆ.’ ನಾನು ‘ನೋಡ್ತಾ ಇರಿ’ ಅಂದೆ. ನಾಲ್ಕಕ್ಕೆ ಮತ್ತೆ ಫೋನ್. ಉಸಿರು ನಿಲ್ಲುವ ಹಂತ, ಗಡಿಬಿಡಿಯಲ್ಲಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದರು.

ಇಂಟರ್‌ಮೀಡಿಯೆಟ್ ಸಿಂಡ್ರೋಮ್. ನಿಮಗೆ ಗೊತ್ತು: ವಿಷ ಸೇರಿದ ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಸ್ನಾಯು ಸೋಲುತ್ತೆ, ಆಮೇಲೆ ಉಸಿರಿನದು. ಅಟ್ರೋಪಿನ್ ಇದಕ್ಕೆ ಉಪಯೋಗಕ್ಕೆ ಬರಲ್ಲ. ಮೂಗಿಗೆ ಆಕ್ಸಿಜನ್ ಇದ್ದರೆ ಸ್ಯಾಚುರೇಷನ್ ಕೊನೆಯವರೆಗೂ ಚೆನ್ನಾಗಿಯೇ ಕಾಣಬಹುದು. ನನಗೂ ಇದೆಲ್ಲ ಗೊತ್ತಿತ್ತು, ಬೇಕಿದ್ದರೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಆದರೆ ಫೋನಿನಲ್ಲಿ ‘ದಿಂಬಿನಿಂದ ತಲೆ ಎತ್ತುತ್ತಾನಾ?’ ಅಂತ ಕೇಳಲಿಲ್ಲ. ಹುಡುಗ ಉಳಿದ, ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದು. ಅವತ್ತು ನನಗೆ ಬಾರದೆ ಇದ್ದದ್ದು ಫೋನ್ ಕೇಳುವ ಕೆಲಸ.

ಹಾಗಾಗಿ ಅಂಕಿಗಳನ್ನು ಕೊನೆಗೆ ಕೇಳಿ. ಮೊದಲು ಕೇಳಬೇಕಾದ್ದು: ಸಂಜೆ ನಾನು ನೋಡಿದಾಗಿನದಕ್ಕಿಂತ ಏನು ಬೇರೆ? ಪೇಶಂಟ್ ಹತ್ತಿರ ನಿಂತು ಮಾತಾಡ್ತಿದ್ದೀರಾ, ಕೌಂಟರಿನಿಂದಲಾ? ನಿಮಗೆ ಏನು ಭಯ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ಗಾಡಿ ಕೀ ತೆಗೆದುಕೊಳ್ಳಬೇಕೋ ಬೇಡವೋ ಗೊತ್ತಾಗುತ್ತೆ.

ಇನ್ನು, ಯಾವಾಗ ಫೋನ್ ಮಾಡಲೇಬೇಕು ಅಂತ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ಇರೋದು ಹೀಗೆ: ಹೊಸ ಅಡ್ಮಿಷನ್ ಬಂದಾಗ, ಟ್ಯೂಬ್ ಹಾಕುವ ಮುಂಚೆ, ಎರಡು ಗಂಟೆಯಲ್ಲಿ ನಾರ್‌ಅಡ್ರಿನಲಿನ್ ದುಪ್ಪಟ್ಟಾದರೆ, ಕೊಡುವ ಆಕ್ಸಿಜನ್ 60 ಪರ್ಸೆಂಟ್ ದಾಟಿದರೆ, ಎರಡು ಗಂಟೆ ಮೂತ್ರ ಬರದಿದ್ದರೆ. ಮತ್ತೆ ಸಿಸ್ಟರ್ ‘ಯಾಕೋ ಸರಿ ಕಾಣವಲ್ದು’ ಅಂದರೆ. ಅದಕ್ಕೆ ಕಾರಣ ಕೇಳುವ ಹಾಗಿಲ್ಲ. ನಿಮ್ಮ ಐಸಿಯುಗೆ ನಿಮ್ಮ ಅಂಕಿ ಇರಲಿ. ಇಷ್ಟಾದ ಮೇಲೆ, ಸುಮ್ನೆ ಫೋನ್ ಮಾಡಿದರು ಅಂತ ಯಾರನ್ನೂ ಬೈಯಬೇಡಿ. ಒಂದು ಸಲ ಬೈದರೆ ಮುಂದಿನ ಫೋನ್ ಪೇಶಂಟಿನ ಹೃದಯ ನಿಂತು ಎದೆ ಒತ್ತುತ್ತಿರುವಾಗಲೇ ಬರುತ್ತೆ.

ಸದ್ಯಕ್ಕೆ ಹೋಗುತ್ತಲೇ ಇರಿ. ನಾಚಿಕೆ ಬೇಡ. ಬಂದ ಮೇಲೆ ಒಂದು ಚಿಕ್ಕ ಡೈರಿಯಲ್ಲಿ ಎರಡು ಸಾಲು ಬರೆಯಿರಿ: ಯಾಕೆ ಹೋದೆ, ಹೋಗಿ ಏನು ಬದಲಾಯಿಸಿದೆ. ಎರಡು ತಿಂಗಳಾದ ಮೇಲೆ ತೆಗೆದು ನೋಡಿ. ಯಾವ ಬಗೆಯ ಫೋನಿಗೆ ಹೋಗಲೇಬೇಕು, ಯಾವುದಕ್ಕೆ ಬೇಡ ಅಂತ ನಿಮ್ಮ ಕೈಬರಹವೇ ಹೇಳುತ್ತೆ. ಮನೆಯವರ ಮಾತಿಗೆ ಮಾತ್ರ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ನಿಮಗೂ ಫೋನ್ ಮಾಡೋಕೆ ಒಬ್ಬರು ಬೇಕು. ಕಲಿಸಿದ ಮೇಷ್ಟ್ರು, ಬ್ಯಾಚಿನ ಗೆಳೆಯ, ಯಾರಾದರೂ ಸರಿ. ‘ಒಂದು ವರ್ಷ ಹೊತ್ತಿಲ್ಲದ ಹೊತ್ತಲ್ಲಿ ಫೋನ್ ಮಾಡ್ತೀನಿ’ ಅಂತ ಮೊದಲೇ ಹೇಳಿಡಿ. ಅಧಿಕಾರ ಇದ್ದವರು ಕೇಳಬಾರದು ಅನ್ನೋದು ನಮ್ಮ ಆಸ್ಪತ್ರೆಗಳ ಕೆಟ್ಟ ಅಭ್ಯಾಸ.

ಆರ್ಡರ್ ಬದಲಾಯಿಸುವ ಹಿರಿಯರ ವಿಷಯ. ಅವರು ಪೇಶಂಟನ್ನು ಹತ್ತು ವರ್ಷದಿಂದ ಓಪಿಡಿಯಲ್ಲಿ ನೋಡಿರಬಹುದು. ಮನೆಯವರಿಗೆ ಅವರೇ ದೇವರು. ನೀವು ಬಂದು ಎರಡು ತಿಂಗಳು. ಫೈಲಿನಲ್ಲಿ ಹೊಡೆದಾಡಬೇಡಿ, ಸಿಸ್ಟರ್‌ಗಳು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರ ಓಪಿಡಿ ಮುಗಿಯೋ ಹೊತ್ತಿಗೆ ಹೋಗಿ, ಚಹಾ ಬರಲಿ, ಆಮೇಲೆ ಕೇಳಿ: ‘ಸರ್, ವೆಂಟಿಲೇಟರ್, ಬಿಪಿ ಔಷಧಿ, ಫ್ಲೂಯಿಡ್ ಇವು ಮೂರು ನಾನು ನೋಡಿಕೊಳ್ಳಲಾ? ಬದಲಾಯಿಸಬೇಕು ಅನಿಸಿದರೆ ನನಗೊಂದು ಫೋನ್ ಮಾಡಿ.’ ಜಾಸ್ತಿ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಆಡಳಿತದವರ ಹತ್ತಿರ ಬರವಣಿಗೆಯಲ್ಲಿ ಕೇಳಿ. ಏನಾದರೂ ಆದಾಗ ಫೈಲಿನಲ್ಲಿ ನಿಮ್ಮ ಸಹಿಯೂ ಇರುತ್ತೆ.

ಪ್ರಶ್ನೆ: ಮೇಡಂ, ನಾ ಡಾಕ್ಟರ್ ಅಲ್ರೀ, ಇಪ್ಪತ್ತು ವರ್ಷದಿಂದ ಐಸಿಯು ಸಿಸ್ಟರ್ ಇದ್ದೀನಿ. ಹೊಸದಾಗಿ ಬಂದ ಡಾಕ್ಟ್ರು ನನ್ನ ಮಗನ ವಯಸ್ಸಿನವರು. ಭಾಳ ಓದ್ಯಾರ. ಆದ್ರ ನಾವು ಏನರ ಹೇಳಿದ್ರ ‘ನನಗ ಗೊತ್ತದ’ ಅಂತಾರ. ಹೆಂಗ್ ಹೇಳೂದ್ರೀ?
(ಧಾರವಾಡ)

ಉತ್ತರ: ಸಿಸ್ಟರ್, ಅವರ ಹೆದರಿಕೆ ಹಾಗೆ ಮಾತಾಡುತ್ತಿದೆ ಅನಿಸುತ್ತೆ. ಎಲ್ಲರೆದುರು ಹೇಳಬೇಡಿ. ಬೆಡ್ ಪಕ್ಕ, ಮೆಲ್ಲಗೆ, ನೋಡಿದ್ದನ್ನಷ್ಟೇ ಹೇಳಿ: ‘ಸರ್, ಏಳನೇ ಬೆಡ್ಡಿನವರ ಕೈಕಾಲು ತಣ್ಣಗಾಗ್ಯಾವ. ಹತ್ತಕ್ಕ ಹಿಂಗಿರಲಿಲ್ಲ. ನೀವೊಮ್ಮೆ ಮುಟ್ಟಿ ನೋಡ್ರಿ.’ ಏನು ಮಾಡಬೇಕು ಅನ್ನೋದನ್ನು ಅವರಿಗೇ ಬಿಡಿ. ಆದರೆ ಔಷಧಿಯ ಡೋಸ್ ತಪ್ಪು ಅನಿಸಿದರೆ ಈ ನಾಜೂಕು ಬೇಡ. ಕೊಡೋದನ್ನು ನಿಲ್ಲಿಸಿ, ಇನ್ನೊಮ್ಮೆ ಹೇಳಿಸಿಕೊಳ್ಳಿ, ಬರೆಸಿಕೊಳ್ಳಿ. ಈ ಅಂಕಣವನ್ನು ಆ ಡಾಕ್ಟ್ರು ಓದುತ್ತಿದ್ದರೆ, ನಾಳೆ ರೌಂಡ್ಸ್ ಶುರು ಮಾಡೋ ಮುಂಚೆ ‘ಸಿಸ್ಟರ್, ರಾತ್ರಿ ನಿಮಗೆ ಯಾರ ಚಿಂತೆ ಇತ್ತು?’ ಅಂತ ಕೇಳಿ ನೋಡಲಿ.

ಪ್ರಶ್ನೆ: ಕನ್ಸಲ್ಟೆಂಟ್ ಆಗಿ ಒಂದು ವರ್ಷ. ಇನ್ನು ಚೇತರಿಕೆ ಸಾಧ್ಯವಿಲ್ಲ ಅಂತ ಗೊತ್ತಾದಾಗ ಮನೆಯವರು ‘ಗಾಳಿ ಮಷೀನ್ ತೆಗೆದುಬಿಡ್ರಿ’ ಅಂತಾರೆ. ಇಲ್ಲವೇ ಸಹಿ ಹಾಕಿ, ಅಂಬು (ಕೈಯಿಂದ ಉಸಿರು ಕೊಡುವ ಚೀಲ) ಒತ್ತುತ್ತಾ ಊರಿಗೆ ಕರೆದೊಯ್ಯುತ್ತಾರೆ. ಕಾನೂನಿನ ಭಯ. ಏನು ಮಾಡಲಿ?
(ಗದಗ)

ಉತ್ತರ: ದಾರಿ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರಲ್ಲಿ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು ಸರಳ ಮಾಡಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಚಿಕಿತ್ಸೆ ಕೊಡುವ ಡಾಕ್ಟರ್ ಜೊತೆ ಕನಿಷ್ಠ ಇಬ್ಬರು ತಜ್ಞರಿರುವ ಮೊದಲ ಬೋರ್ಡ್ ನೋಡಬೇಕು. ಆಮೇಲೆ ಬೇರೆಯವರೇ ಇರುವ ಎರಡನೇ ಬೋರ್ಡ್. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬರು ಇರಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಜ್ಞರಿಗೆ ಕನಿಷ್ಠ ಐದು ವರ್ಷದ ಅನುಭವ ಇರಬೇಕು. ಅಂದರೆ ನೀವು ಚಿಕಿತ್ಸೆ ಕೊಡುವ ಡಾಕ್ಟರ್ ಆಗಿ ಕೂರಬಹುದು, ತಜ್ಞರ ಕುರ್ಚಿಯಲ್ಲಿ ಇನ್ನೂ ಆಗಲ್ಲ. ಒಬ್ಬರೇ ಹೊರಬೇಕಿಲ್ಲ ಅನ್ನೋದು ನಿಮಗೆ ಒಳ್ಳೆಯದೇ. ಬೋರ್ಡಿನಲ್ಲಿ ಯಾರ್ಯಾರು ಅಂತ ಆಸ್ಪತ್ರೆಯವರ ಹತ್ತಿರ ಇವತ್ತೇ ಕೇಳಿಟ್ಟುಕೊಳ್ಳಿ. ಕೇಸ್ ಬಂದ ದಿನ ಹುಡುಕಿದರೆ ಯಾರೂ ಸಿಗಲ್ಲ.

ಮನೆಯವರ ಹತ್ತಿರ ಮಾತಾಡುವಾಗ ಕೂತುಕೊಳ್ಳಿ. ಬಾಗಿಲಲ್ಲಿ ನಿಂತು ಹೇಳೋ ಮಾತಲ್ಲ ಅದು. ‘ಉಳಿತಾರೇನ್ರೀ?’ ಅಂತ ಕೇಳಿದರೆ ಪರ್ಸೆಂಟ್ ಲೆಕ್ಕ ಬೇಡ. ‘ಉಳಿಯೋದಿಲ್ಲ ಅನಸ್ತದ್ರೀ’ ಅಂದು ಸುಮ್ಮನಿರಿ. ಆ ಎರಡು ನಿಮಿಷ ತುಂಬಾ ಉದ್ದ ಅನಿಸುತ್ತೆ, ಆದರೂ ತುಂಬಲು ಹೋಗಬೇಡಿ.

ಪ್ರಶ್ನೆ: ಹಾವೇರಿಯಲ್ಲಿ ಚಿಕ್ಕ ಐಸಿಯು, ನಾನೊಬ್ಬನೇ. ಹುಬ್ಬಳ್ಳಿಗೆ ಕಳಿಸಿದರೆ ‘ಇವನಿಗೆ ಬರಲ್ಲ’ ಅಂದುಕೊಳ್ಳುತ್ತಾರೆ ಅನ್ನೋ ಅಳುಕು.

ಉತ್ತರ: ಅಂದುಕೊಳ್ಳಲಿ ಬಿಡಿ. ಡಯಾಲಿಸಿಸ್ ಬೇಕು, ನಿಮ್ಮಲ್ಲಿಲ್ಲ ಅಂದರೆ ಕಳಿಸಲೇಬೇಕು. ನಾವು ಈ ಕಡೆ ಬೈಯೋದು ಕಳಿಸಿದ್ದಕ್ಕಲ್ಲ, ಕಳಿಸಿದ ರೀತಿಗೆ. ಸೆಪ್ಸಿಸ್ ಶಾಕ್ (ಸೋಂಕಿನಿಂದ ಬಿಪಿ ಕುಸಿಯೋದು) ಇದ್ದರೆ ಮೊದಲ ಆಂಟಿಬಯೋಟಿಕ್ ನಿಮ್ಮಲ್ಲೇ, ಒಂದು ಗಂಟೆಯೊಳಗೆ ಹೋಗಿರಲಿ. ಉಸಿರು ಸೋಲುತ್ತಿದ್ದರೆ ಟ್ಯೂಬ್ ನಿಮ್ಮ ಬೆಳಕಿನಲ್ಲಿ ಹಾಕಿ, ಹೈವೇ ಮೇಲೆ ಆಂಬುಲೆನ್ಸಿನಲ್ಲಿ ಆಗೋ ಕೆಲಸ ಅಲ್ಲ. ಕೊಟ್ಟ ಔಷಧಿ, ಕೊಟ್ಟ ಹೊತ್ತು ಚೀಟಿಯಲ್ಲಿ ಬರೆಯಿರಿ. ಮತ್ತೆ ಗಾಡಿ ಹೊರಡೋ ಮುಂಚೆ ಫೋನ್ ಮಾಡಿ, ಹೊರಟ ಮೇಲಲ್ಲ. ಬೆಡ್ ಇದೆಯೋ ಇಲ್ಲವೋ ಅಂತ ನಾವೂ ಹೇಳಬೇಕಲ್ಲ.