ಸಾಲದ ಕುರಿತು ಇಂಗ್ಲಿಷಿನಲ್ಲಿ ಮಾತನಾಡುವುದು: ಇಂಗ್ಲೆಂಡಿಗೆ ಹೊರಟಿರುವ ನರ್ಸ್ ಒಬ್ಬರಿಗೆ ಉತ್ತರ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಮಾತಿನ ವಿಭಾಗದಲ್ಲಿ ಸಾಲ ಕೊಡುವ, ಸಾಲ ಪಡೆಯುವ ವಿಷಯ ಬಂದರೆ ಹೇಳಲೆಂದು ಕೋಚಿಂಗ್ ಕೇಂದ್ರದವರು ಕೊಟ್ಟ ಉತ್ತರಗಳನ್ನು ಬಾಯಿಪಾಠ ಮಾಡಿದ್ದೇನೆ, ಅಷ್ಟು ಸಾಕೇ ಎಂದು ಹಾಸನದಿಂದ ಕೇಳಿದ್ದೀರಿ. ಇಂಗ್ಲೆಂಡಿನ ಜನ ನಿಜವಾಗಿಯೂ ಒಬ್ಬರಿಗೊಬ್ಬರು ಕೈಗಡ ಕೊಡುತ್ತಾರೆಯೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಲೀಡ್ಸ್‌ನಲ್ಲಿ ನೆಲೆಸಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ನಾನು, ನಮ್ಮ ಕಡೆಯಿಂದ ಬರಲು ಸಿದ್ಧರಾಗುತ್ತಿರುವ ನರ್ಸ್‌ಗಳಿಗೆ ಫೋನಿನಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಿರುತ್ತೇನೆ. ಬಾಯಿಪಾಠದಿಂದ ಕೆಲಸವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಪರೀಕ್ಷೆಯೊಂದೇ ಕಾರಣವಲ್ಲ; ಈ ವಿಷಯದ ಮಾತುಗಳು ಇಲ್ಲಿಗೆ ಬಂದ ಮೊದಲ ತಿಂಗಳಿನಲ್ಲಿಯೇ ನಿಮಗೆ ನಿಜವಾಗಿ ಬೇಕಾಗುತ್ತವೆ.

ಮಾತಿನ ಪರೀಕ್ಷೆ ನಡೆಯುವುದು 11ರಿಂದ 14 ನಿಮಿಷ. ಮೊದಲ ಭಾಗದಲ್ಲಿ ಊರು, ಕೆಲಸ, ಅಭ್ಯಾಸಗಳ ಬಗ್ಗೆ ಸಣ್ಣ ಪ್ರಶ್ನೆಗಳಿರುತ್ತವೆ. ಎರಡನೆಯದರಲ್ಲಿ ವಿಷಯ ಬರೆದ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ನೀವೊಬ್ಬರೇ ಮಾತನಾಡುವಂತೆ ಹೇಳುತ್ತಾರೆ. ಮೂರನೆಯದರಲ್ಲಿ ಅದೇ ವಿಷಯವನ್ನು ಹಿಡಿದು ನಾಲ್ಕೈದು ನಿಮಿಷ ಚರ್ಚಿಸುತ್ತಾರೆ. ಬಾಯಿಪಾಠ ಕೈಕೊಡುವುದು ಈ ಮೂರನೆಯ ಭಾಗದಲ್ಲಿ. ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕಕ್ಕೂ ಸಮಾನ ತೂಕವಿದೆ. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವಿಲ್ಲ. ಸಾಲ ಕೊಡುವುದು ಒಳ್ಳೆಯದೆಂದರೂ ಸರಿಯೇ, ಕೆಟ್ಟದ್ದೆಂದರೂ ಸರಿಯೇ, ಆದರೆ ಏಕೆ ಎಂದು ಕೇಳಿದಾಗ ನಿಮ್ಮಲ್ಲಿ ಕಾರಣವಿರಬೇಕು. ಇಲ್ಲಿನ ನರ್ಸಿಂಗ್ ಮಂಡಳಿ ಮಾತಿನಲ್ಲಿ 7 ಅಂಕ ಕೇಳುವುದರಿಂದ, ನೀವು ತಡವರಿಸುತ್ತಾ ಒಂದೊಂದು ವಾಕ್ಯ ಹೇಳಿ ಪಾರಾಗಲು ಸಾಧ್ಯವಿಲ್ಲ.

ಒಂದು ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. ಸ್ನೇಹಿತರಿಗೆ ಸಾಲ ಕೊಡುವುದು ಒಳ್ಳೆಯದೇ ಎಂದು ಕೇಳುತ್ತಾರೆ ಎಂದುಕೊಳ್ಳಿ. ಅಭ್ಯಾಸಕ್ಕೆ ಬರುವವರಲ್ಲಿ ಹೆಚ್ಚಿನವರು, ಹಣದಿಂದ ಸ್ನೇಹ ಕೆಡುತ್ತದೆ ಎಂಬ ಸಿದ್ಧ ವಾಕ್ಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಹಾಗಿದ್ದರೂ ಅಷ್ಟೊಂದು ಜನ ಬ್ಯಾಂಕಿಗೆ ಹೋಗದೆ ಸ್ನೇಹಿತರ ಬಳಿಗೇ ಹೋಗುವುದೇಕೆ ಎಂದು ನಾನು ಮರುಪ್ರಶ್ನೆ ಹಾಕಿದ ಕೂಡಲೇ ಮಾತು ನಿಂತುಹೋಗುತ್ತದೆ. ಉತ್ತರ ಗೊತ್ತಿಲ್ಲವೆಂದಲ್ಲ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಬ್ಯಾಂಕು ದಾಖಲೆ, ಜಾಮೀನು ಕೇಳುತ್ತದೆ, ದಿನಗಟ್ಟಲೆ ಕಾಯಿಸುತ್ತದೆ. ಆಸ್ಪತ್ರೆಯ ಬಿಲ್ಲು ಮಾತ್ರ ಇವತ್ತೇ ಕಟ್ಟಬೇಕಾಗಿರುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಹೀಗೆ ಹೇಳಬಹುದು: "ಬಿಕಾಸ್ ಎ ಬ್ಯಾಂಕ್ ಆಸ್ಕ್ಸ್ ಫಾರ್ ಡಾಕ್ಯುಮೆಂಟ್ಸ್ ಅಂಡ್ ಟೇಕ್ಸ್ ಡೇಸ್, ಬಟ್ ಎ ಹಾಸ್ಪಿಟಲ್ ಬಿಲ್ ಹ್ಯಾಸ್ ಟು ಬಿ ಪೇಡ್ ಟುಡೇ." ಪದಗಳೆಲ್ಲ ಸಾಮಾನ್ಯವಾದವೇ, ಆದರೆ ಕಾರಣವೂ ಹೋಲಿಕೆಯೂ ಒಂದೇ ವಾಕ್ಯದಲ್ಲಿ ಬಂದವು. ಇದಾದ ಮೇಲೆ ನಿಮ್ಮ ವಾರ್ಡಿನಲ್ಲಿ ಕಂಡ ಒಂದು ಸಂದರ್ಭವನ್ನು, ರೋಗಿಯ ಹೆಸರು ಹೇಳದೆ, ಭೂತಕಾಲದಲ್ಲಿ ಎರಡು ಮೂರು ವಾಕ್ಯಗಳಲ್ಲಿ ಸೇರಿಸಿದರೆ ಮೂವತ್ತು ಸೆಕೆಂಡಿನ ಪೂರ್ಣ ಉತ್ತರವಾಗುತ್ತದೆ.

ಉದಾಹರಣೆಗಳಿಗಾಗಿ ಅಮೆರಿಕದ ಕ್ರೆಡಿಟ್ ಕಾರ್ಡಿನ ಕಥೆಗಳನ್ನು ಹುಡುಕಬೇಡಿ. ಒಡವೆ ಅಡವಿಡುವುದು, ತಿಂಗಳ ಚೀಟಿ ಹಾಕುವುದು, ಸ್ತ್ರೀಶಕ್ತಿ ಗುಂಪಿನಲ್ಲಿ ವಾರವಾರ ಉಳಿತಾಯ ಕಟ್ಟಿ ಸಾಲ ಪಡೆಯುವುದು, ಇವುಗಳ ನಡುವೆಯೇ ನಾವು ಬೆಳೆದಿದ್ದೇವೆ. ಸಾಲ ಪಡೆಯುವ ರೀತಿ ಕಾಲಕ್ರಮದಲ್ಲಿ ಹೇಗೆ ಬದಲಾಗಿದೆ ಎಂದು ಕೇಳಿದರೆ, 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ಹೇಳಿ. ಸಾಹುಕಾರನ ಬಡ್ಡಿಗೆ ಬದಲಾಗಿ ಊರಿನವರೇ ಕೂಡಿ ಕಟ್ಟಿದ ಸಂಘ, ಅಲ್ಲಿಂದ ಇಂದಿನ ಮೊಬೈಲ್ ಆ್ಯಪ್ ಸಾಲ, ಈ ಎರಡರ ನಡುವೆ ಹೇಳಲು ಬೇಕಾದಷ್ಟಿದೆ. ತಾವೇ ಕಂಡು ಬೆಳೆದದ್ದನ್ನು ಹೇಳುವವರಿಗೆ ಮಾತು ಸಿಕ್ಕೇ ಸಿಗುತ್ತದೆ.

ಇಲ್ಲಿನ ಬದುಕಿಗೆ ಬರುತ್ತೇನೆ. ಬ್ರಿಟಿಷ್ ಸಹೋದ್ಯೋಗಿಗಳು ಊಟದ ಬಿಲ್ಲು ಹಂಚಿಕೊಂಡು ತಮ್ಮ ಪಾಲನ್ನು ಅಂದೇ ಬಿಲ್ಲು ಕಟ್ಟಿದವರ ಬ್ಯಾಂಕ್ ಖಾತೆಗೆ ಹಾಕಿಬಿಡುತ್ತಾರೆ. ದೊಡ್ಡ ಮೊತ್ತದ ಕೈಗಡ ಕೇಳುವುದನ್ನು ನಾನು ಕಂಡಿಲ್ಲ. ನಮ್ಮವರ ನಡುವೆ ಹಾಗಲ್ಲ. ಹೊಸದಾಗಿ ಬಂದವರಿಗೆ ಸಂಬಳ ತಿಂಗಳ ಕೊನೆಗೆ ಬರುತ್ತದೆ, ಮನೆಗೆ ಬಾಡಿಗೆಯ ಜೊತೆ ಐದು ವಾರಗಳ ಬಾಡಿಗೆಯವರೆಗೂ ಠೇವಣಿ ಕೊಡಬೇಕಾಗುತ್ತದೆ. ಆಗ ಮೊದಲೇ ಬಂದವರು ಕೈ ಹಿಡಿಯುತ್ತಾರೆ. ಈ ನೆರವು ಅಮೂಲ್ಯವಾದದ್ದು. ಆದರೆ ನಾಳೆ ನಿಮ್ಮನ್ನೂ ಕೇಳುತ್ತಾರೆ, ಜೊತೆಗೆ ಕೆಲಸ ಮಾಡುವ ಬೇರೆ ಭಾಷೆಯವರೂ ಕೇಳಬಹುದು, ಆದ್ದರಿಂದ ಮರ್ಯಾದೆಯಿಂದ ನಿರಾಕರಿಸುವ ಮಾತನ್ನು ಈಗಲೇ ನಾಲಿಗೆಗೆ ರೂಢಿ ಮಾಡಿಕೊಳ್ಳಿ: "ಐ ಆ್ಯಮ್ ಸಾರಿ, ಐ ಕಾಂಟ್ ಲೆಂಡ್ ಯು ದಟ್ ಮಚ್, ಬಟ್ ಐ ಕ್ಯಾನ್ ಹೆಲ್ಪ್ ವಿತ್ ಎ ಸ್ಮಾಲ್ ಅಮೌಂಟ್ ಅಂಟಿಲ್ ಪೇಡೇ." ಪರೀಕ್ಷೆಯಲ್ಲಿಯೂ ಈ ವಾಕ್ಯ ನಿಮ್ಮ ಕೈಬಿಡುವುದಿಲ್ಲ.

ಬ್ಯಾಂಕಿನವರೊಡನೆ ಮಾತನಾಡುವಾಗ ತಿಳಿದಿರಬೇಕಾದದ್ದು ಬೇರೆ. ಭಾರತದಲ್ಲಿ ನೀವು ಸಾಲವನ್ನು ಎಷ್ಟೇ ಶಿಸ್ತಿನಿಂದ ತೀರಿಸಿದ್ದರೂ ಆ ದಾಖಲೆ ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. ಇಲ್ಲಿನ ಕ್ರೆಡಿಟ್ ಇತಿಹಾಸ ಸೊನ್ನೆಯಿಂದ ಶುರುವಾಗುತ್ತದೆ. ಭಾರತೀಯ ಪ್ರಜೆಗಳಿಗೆ ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಇಲ್ಲಿ ಮತದಾನದ ಹಕ್ಕಿದೆ, ಮತ್ತು ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಕೊಡುವವರು ನಿಮ್ಮ ವಿಳಾಸವನ್ನು ಸುಲಭವಾಗಿ ಖಚಿತಪಡಿಸಿಕೊಳ್ಳುತ್ತಾರೆ. ಮನೆ ಸಿಕ್ಕ ಕೂಡಲೇ ನೋಂದಾಯಿಸಿಕೊಳ್ಳಿ. ತುರ್ತು ಬಂದರೆ ನಮ್ಮ ಪತ್ತಿನ ಸಂಘಗಳಂಥ ಕ್ರೆಡಿಟ್ ಯೂನಿಯನ್‌ಗಳಿವೆ, ಅವುಗಳ ಬಡ್ಡಿ ತಿಂಗಳಿಗೆ ಶೇ. 3 ಮೀರುವಂತಿಲ್ಲ. ಮುಂದಿನ ಸಂಬಳದವರೆಗೆಂದು ದುಬಾರಿ ಬಡ್ಡಿಗೆ ಕೊಡುವ ಪೇಡೇ ಸಾಲಕ್ಕೆ ಮಾತ್ರ ಹೋಗಬೇಡಿ. 2015ರಿಂದ ದಿನಕ್ಕೆ ಶೇ. 0.8ರ ಮಿತಿ ಇದೆಯಾದರೂ, ಬಡ್ಡಿ ಮತ್ತು ಶುಲ್ಕ ಸೇರಿ ಅಸಲಿನಷ್ಟೇ ಆಗಲು ಕಾನೂನಿನಲ್ಲಿ ಅವಕಾಶವಿದೆ, ಎಂದರೆ 200 ಪೌಂಡಿಗೆ 400 ಪೌಂಡ್ ಕಟ್ಟಬೇಕಾಗಿ ಬರಬಹುದು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಅನೇಕರು ವಿಮಾನ ಹತ್ತುವ ಮೊದಲೇ ಏಜೆಂಟರಿಗೆ ಕೊಡಲೆಂದು ಸಾಲ ಮಾಡಿರುತ್ತಾರೆ. ವಿದೇಶಿ ಆರೋಗ್ಯ ಸಿಬ್ಬಂದಿಯ ನೇಮಕಾತಿಗಾಗಿ ಬ್ರಿಟನ್ ಸರ್ಕಾರ ರೂಪಿಸಿರುವ ನೀತಿಸಂಹಿತೆಯ ಪ್ರಕಾರ, ನೇಮಕಾತಿ ಏಜೆನ್ಸಿ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ಸಂಹಿತೆಗೆ ಬದ್ಧವಾದ ಏಜೆನ್ಸಿಗಳ ಪಟ್ಟಿಯನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಉದ್ಯೋಗದಾತರ ಪರವಾಗಿ ಕೆಲಸ ಮಾಡುವ ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಸಂಸ್ಥೆ ಪ್ರಕಟಿಸುತ್ತದೆ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಒಡವೆ ಅಡವಿಡುವ ಮೊದಲು ಆ ಪಟ್ಟಿ ನೋಡಿ. ಕೆಲಸವನ್ನು ಬೇಗ ಬಿಟ್ಟರೆ ಪ್ರಯಾಣದ ಖರ್ಚು ಹಿಂದಿರುಗಿಸಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂಬುದನ್ನೂ ಓದಿ, ಎಷ್ಟು ತಿಂಗಳು, ಎಷ್ಟು ಹಣ ಎಂದು ಕೇಳಿ. "ಕುಡ್ ಯು ಪ್ಲೀಸ್ ಪುಟ್ ದಟ್ ಇನ್ ರೈಟಿಂಗ್?" ಎಂಬ ವಾಕ್ಯವನ್ನು ಈ ವಾರದ ಅಭ್ಯಾಸದಲ್ಲಿ ಸೇರಿಸಿಕೊಂಡು, ನಿಮ್ಮ ಏಜೆನ್ಸಿಯವರಿಗೆ ಫೋನು ಮಾಡಿದಾಗಲೇ ಮೊದಲು ಬಳಸಿ.